ಮೇನ್‌ಗೂ ಮುಂಚೆ, ಮೇನ್ ಆದಮೇಲೆ: ಸಿ ಪ್ರೋಗ್ರಾಮ್‌ನಲ್ಲಿ ನಮ್ಮ ಕೋಡ್ ತಾನಾಗಿ ರನ್ ಆಗುವಂತೆ ಮಾಡುವುದು ಹೇಗೆ?

ಪ್ರಶ್ನೆ: ಸಿ ಭಾಷೆಯಲ್ಲಿ ಒಂದು ಚಿಕ್ಕ ಲಾಗಿಂಗ್ ಲೈಬ್ರರಿ ಬರೆದಿದ್ದೇನೆ. ನಮ್ಮ ತಂಡದ ಮೂರು ಪ್ರೋಗ್ರಾಮ್‌ಗಳು ಅದನ್ನು ಲಿನಕ್ಸ್‌ನಲ್ಲಿ ಬಳಸುತ್ತವೆ. ಅವುಗಳ ಮೇನ್ ಫಂಕ್ಷನ್ ಮುಟ್ಟದೆಯೇ, ಶುರುವಿನಲ್ಲಿ ಲಾಗ್ ಫೈಲ್ ತೆರೆಯಬೇಕು, ಮುಗಿಯುವಾಗ ಮುಚ್ಚಬೇಕು. ಅದಕ್ಕೆ ಒಂದು ಪ್ರತ್ಯೇಕ ಸೋರ್ಸ್ ಫೈಲ್‌ನಲ್ಲಿ ಜಿಸಿಸಿ ಕಂಪೈಲರ್‌ನ ಕನ್‌ಸ್ಟ್ರಕ್ಟರ್ (ಫಂಕ್ಷನ್ ಮೇನ್‌ಗೂ ಮುಂಚೆ ರನ್ ಆಗಲಿ ಎನ್ನುವ ಗುರುತು) ಮತ್ತು ಡಿಸ್ಟ್ರಕ್ಟರ್ (ಮುಗಿಯುವಾಗ ರನ್ ಆಗಲಿ ಎನ್ನುವ ಗುರುತು) ಅಟ್ರಿಬ್ಯೂಟ್ ಹಾಕಿದೆ. ಶೇರ್ಡ್ ಲೈಬ್ರರಿಯಾಗಿ ಬಳಸುವ ಮೊದಲ ಪ್ರೋಗ್ರಾಮ್‌ನಲ್ಲಿ ಎಲ್ಲ ಸರಿಯಿದೆ. ಸ್ಟ್ಯಾಟಿಕ್ ಲೈಬ್ರರಿಯಾಗಿ ಸೇರಿಸಿಕೊಂಡ ಎರಡನೆಯದರಲ್ಲಿ ಕನ್‌ಸ್ಟ್ರಕ್ಟರ್ ರನ್ ಆಗುವುದೇ ಇಲ್ಲ. ಮೂರನೆಯದು ಹಿನ್ನೆಲೆಯಲ್ಲಿ ಓಡುವ ಸರ್ವಿಸ್. ಅದನ್ನು ನಿಲ್ಲಿಸಿದಾಗ ಲಾಗ್‌ನ ಕೊನೆಯ ಸಾಲುಗಳು ಕಾಣೆಯಾಗುತ್ತವೆ. ಎಲ್ಲಿ ತಪ್ಪಾಗಿದೆ?

ಉತ್ತರ: ನಿಮ್ಮ ಎರಡು ತೊಂದರೆಗಳಿಗೂ ಒಂದಕ್ಕೊಂದು ಸಂಬಂಧವಿಲ್ಲ. ಮೊದಲನೆಯದು ಲಿಂಕರ್‌ಗೆ, ಅಂದರೆ ಕಂಪೈಲ್ ಆದ ಆಬ್ಜೆಕ್ಟ್ ಫೈಲ್‌ಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ಸಾಧನಕ್ಕೆ ಸೇರಿದ್ದು. ಎರಡನೆಯದು ಪ್ರೋಸೆಸ್ ಹೇಗೆ ಸಾಯುತ್ತದೆ ಎನ್ನುವುದಕ್ಕೆ ಸೇರಿದ್ದು. ಎರಡನ್ನೂ ಸರಿ ಮಾಡಬಹುದು. ಆದರೆ ಈ ಲೈಬ್ರರಿಗೆ ಡಿಸ್ಟ್ರಕ್ಟರ್ ಬೇಕೇ ಎನ್ನುವ ಪ್ರಶ್ನೆಯನ್ನೂ ಜೊತೆಗೆ ಕೇಳಿಕೊಳ್ಳೋಣ. ನನ್ನ ಪ್ರಕಾರ ಬೇಕಿಲ್ಲ.

ಮೊದಲು ಮೇನ್ ಅನ್ನು ಯಾರು ಕರೆಯುತ್ತಾರೆ ಅಂತ ನೋಡೋಣ. ಕರ್ನಲ್ ಅಂತೂ ಅಲ್ಲ. ಕರ್ನಲ್‌ಗೆ ಮೇನ್ ಎನ್ನುವ ಹೆಸರೇ ಗೊತ್ತಿಲ್ಲ. ಅದು ಎಲ್ಫ್ ಫೈಲನ್ನು (ಲಿನಕ್ಸ್‌ನಲ್ಲಿ ರನ್ ಆಗುವ ಫೈಲ್‌ನ ಮಾದರಿ) ಮೆಮೊರಿಗೆ ಹಾಕಿ, ಡೈನಾಮಿಕ್ ಆಗಿ ಲಿಂಕ್ ಆದ ಪ್ರೋಗ್ರಾಮ್ ಆಗಿದ್ದರೆ ಮೊದಲು ಡೈನಾಮಿಕ್ ಲೋಡರ್‌ಗೆ ಕೆಲಸ ಒಪ್ಪಿಸುತ್ತದೆ. ಲೋಡರ್ ಬೇಕಾದ ಶೇರ್ಡ್ ಲೈಬ್ರರಿಗಳನ್ನೆಲ್ಲ ತಂದು, ಒಂದೊಂದರ ಶುರುವಿನ ಫಂಕ್ಷನ್‌ಗಳನ್ನು ರನ್ ಮಾಡುತ್ತದೆ. ಯಾವ ಲೈಬ್ರರಿ ಇನ್ನೊಂದನ್ನು ನೆಚ್ಚಿಕೊಂಡಿದೆಯೋ ಅದರ ಸರದಿ ಆಮೇಲೆ, ನೆಚ್ಚಿಸಿಕೊಂಡಿದ್ದರದು ಮೊದಲು. ಇದೆಲ್ಲ ಆದಮೇಲೆ ಪ್ರೋಗ್ರಾಮ್‌ನ ಎಂಟ್ರಿ ಪಾಯಿಂಟ್‌ಗೆ ಜಿಗಿತ. ಅದರ ಹೆಸರು ಅಂಡರ್‌ಸ್ಕೋರ್ ಸ್ಟಾರ್ಟ್. ಇದನ್ನು ನೀವು ಬರೆದಿರುವುದಿಲ್ಲ. ಲಿಂಕ್ ಮಾಡುವಾಗ ಜಿಸಿಸಿ ಸದ್ದಿಲ್ಲದೆ ಸೇರಿಸುವ ಸಿಆರ್‌ಟಿ1 ಎಂಬ ಆಬ್ಜೆಕ್ಟ್ ಫೈಲ್‌ನಿಂದ ಬರುತ್ತದೆ. ಅದು ಸಿ ಲೈಬ್ರರಿಯ ಒಂದು ಫಂಕ್ಷನ್‌ಗೆ ಮೇನ್‌ನ ವಿಳಾಸ ಕೊಡುತ್ತದೆ. ಆ ಫಂಕ್ಷನ್ ಪ್ರೋಗ್ರಾಮ್‌ನ ಸ್ವಂತ ಕನ್‌ಸ್ಟ್ರಕ್ಟರ್‌ಗಳನ್ನು ರನ್ ಮಾಡಿ, ಆಮೇಲೆ ಮೇನ್ ಅನ್ನು ಕರೆದು, ಮೇನ್ ಕೊಟ್ಟ ಬೆಲೆಯನ್ನು ಹಾಗೇ ಎಕ್ಸಿಟ್‌ಗೆ ದಾಟಿಸುತ್ತದೆ. ಮೇನ್‌ನಿಂದ ರಿಟರ್ನ್ ಮಾಡುವುದೂ ಎಕ್ಸಿಟ್ ಕರೆಯುವುದೂ ಒಂದೇ ಆಗಿರುವುದು ಹೀಗೆ.

ಕನ್‌ಸ್ಟ್ರಕ್ಟರ್ ಅಟ್ರಿಬ್ಯೂಟ್ ಹಾಕಿದಾಗ ಕಂಪೈಲರ್ ಮಾಡುವ ಕೆಲಸ ಬಹಳ ಚಿಕ್ಕದು. ಆ ಫಂಕ್ಷನ್‌ನ ವಿಳಾಸವನ್ನು ಇನಿಟ್ ಅರೇ ಎಂಬ ಸೆಕ್ಷನ್‌ನಲ್ಲಿ ಇಡುತ್ತದೆ, ಅಷ್ಟೇ. ಡಿಸ್ಟ್ರಕ್ಟರ್ ಆದರೆ ಫಿನಿ ಅರೇ. ಬೇರೆ ಬೇರೆ ಆಬ್ಜೆಕ್ಟ್ ಫೈಲ್‌ಗಳಿಂದ ಬಂದ ವಿಳಾಸಗಳನ್ನೆಲ್ಲ ಲಿಂಕರ್ ಒಟ್ಟಿಗೆ ಜೋಡಿಸಿದಾಗ ಫಂಕ್ಷನ್ ಪಾಯಿಂಟರ್‌ಗಳ ಒಂದು ಸಾಲು ಸಿಗುತ್ತದೆ. ಶುರುವಿನಲ್ಲಿ ಒಂದು ಲೂಪ್ ಆ ಸಾಲನ್ನು ಮುಂದಿನಿಂದ ಹಿಂದಕ್ಕೆ ಕರೆಯುತ್ತದೆ. ಮುಗಿಯುವಾಗ ಇನ್ನೊಂದು ಲೂಪ್ ಫಿನಿ ಅರೇಯನ್ನು ಹಿಂದಿನಿಂದ ಮುಂದಕ್ಕೆ ಕರೆಯುತ್ತದೆ. ಇದರಲ್ಲಿ ಮಾಯಾಜಾಲ ಏನೂ ಇಲ್ಲ.

ಈಗ ನಿಮ್ಮ ಎರಡನೇ ಪ್ರೋಗ್ರಾಮ್‌ಗೆ ಬರೋಣ. ಸ್ಟ್ಯಾಟಿಕ್ ಲೈಬ್ರರಿ ಅಂದರೆ ಆಬ್ಜೆಕ್ಟ್ ಫೈಲ್‌ಗಳನ್ನು ತುಂಬಿಟ್ಟ ಒಂದು ಡಬ್ಬ. ಲಿಂಕರ್ ಆ ಡಬ್ಬವನ್ನು ಇಡಿಯಾಗಿ ಸುರಿದುಕೊಳ್ಳುವುದಿಲ್ಲ. ಇನ್ನೂ ಸಿಗದ ಯಾವುದೋ ಹೆಸರು ಅದರೊಳಗಿನ ಒಂದು ಫೈಲ್‌ನಲ್ಲಿದ್ದರೆ ಆ ಫೈಲನ್ನು ಮಾತ್ರ ಎತ್ತಿಕೊಳ್ಳುತ್ತದೆ. ನಿಮ್ಮ ಕನ್‌ಸ್ಟ್ರಕ್ಟರ್ ಪ್ರತ್ಯೇಕ ಫೈಲ್‌ನಲ್ಲಿದೆ. ಅದನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಹಾಗಾಗಿ ಆ ಫೈಲ್ ಯಾರಿಗೂ ಬೇಡವಾಯಿತು, ಪ್ರೋಗ್ರಾಮ್‌ಗೆ ಸೇರಲೇ ಇಲ್ಲ. ಎರರ್ ಇಲ್ಲ, ವಾರ್ನಿಂಗ್ ಕೂಡ ಇಲ್ಲ. ಶೇರ್ಡ್ ಲೈಬ್ರರಿ ಮಾಡುವಾಗ ನೀವು ಆಬ್ಜೆಕ್ಟ್ ಫೈಲ್‌ಗಳನ್ನು ನೇರವಾಗಿ ಕೊಟ್ಟಿರುತ್ತೀರಿ, ಎಲ್ಲವೂ ಒಳಗೆ ಹೋಗುತ್ತವೆ. ಅದಕ್ಕೇ ಅಲ್ಲಿ ಈ ತೊಂದರೆ ಕಾಣಲಿಲ್ಲ.

ಸರಳ ಪರಿಹಾರ ಏನಂದರೆ, ಎಲ್ಲರೂ ಕರೆಯುವ ಲಾಗ್ ಫಂಕ್ಷನ್ ಇರುವ ಫೈಲ್‌ನಲ್ಲೇ ಕನ್‌ಸ್ಟ್ರಕ್ಟರ್ ಕೂಡ ಬರೆಯಿರಿ. ಒಂದು ಒಳಗೆ ಬಂದರೆ ಇನ್ನೊಂದೂ ಬರಲೇಬೇಕು. ಅದು ಆಗದಿದ್ದರೆ ಲಿಂಕರ್‌ಗೆ ಹೋಲ್ ಆರ್ಕೈವ್ ಆಯ್ಕೆ ಕೊಡಬಹುದು. ಆ ಲೈಬ್ರರಿ ಮುಗಿದ ತಕ್ಷಣ ನೋ ಹೋಲ್ ಆರ್ಕೈವ್ ಹಾಕುವುದನ್ನು ಮರೆಯಬೇಡಿ. ಮರೆತರೆ ಮುಂದೆ ಬರುವ ಲೈಬ್ರರಿಗಳೂ ಇಡಿಯಾಗಿ ಬಂದು ಕೂರುತ್ತವೆ. ಈ ಆಯ್ಕೆಯನ್ನು ನಾನು ಎರಡನೆಯದಾಗಿಯೇ ಇಡುತ್ತೇನೆ. ಅದು ಲೈಬ್ರರಿ ಬರೆದವರ ಹೊರೆಯನ್ನು ಬಳಸುವವರ ಮೇಲೆ ಹಾಕುತ್ತದೆ, ಅಲ್ವಾ?

ಸೇರಿದೆಯೋ ಇಲ್ಲವೋ ಅಂತ ಊಹಿಸುತ್ತಾ ಕೂರಬೇಡಿ. ಫೈಲ್‌ನೊಳಗಿನ ಹೆಸರುಗಳನ್ನು ತೋರಿಸುವ ಎನ್ಎಂ ಕಮಾಂಡ್‌ನಲ್ಲಿ ಕನ್‌ಸ್ಟ್ರಕ್ಟರ್‌ನ ಹೆಸರು ಇದೆಯಾ ನೋಡಿ. ಶೇರ್ಡ್ ಲೈಬ್ರರಿ ಆಗಿದ್ದರೆ ಎಲ್‌ಡಿ ಡೀಬಗ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಫೈಲ್ಸ್ ಅಂತ ಕೊಟ್ಟು ರನ್ ಮಾಡಿ. ಯಾವ ಲೈಬ್ರರಿಯ ಶುರುವಿನ ಕೋಡ್ ಯಾವಾಗ ರನ್ ಆಯಿತು ಅಂತ ಲೋಡರ್ ತಾನೇ ಬರೆದು ತೋರಿಸುತ್ತದೆ. ಜಿಡಿಬಿ ಎಂಬ ಡೀಬಗರ್‌ನಲ್ಲಿ ಸ್ಟಾರ್ಟ್‌ಐ ಎಂಬ ಕಮಾಂಡ್ ಇದೆ. ಅದು ಪ್ರೋಗ್ರಾಮ್‌ನ ಮೊಟ್ಟಮೊದಲ ಇನ್‌ಸ್ಟ್ರಕ್ಷನ್‌ನಲ್ಲೇ ನಿಲ್ಲಿಸುತ್ತದೆ. ಮೇನ್‌ಗೂ ಮುಂಚೆ ಏನೇನು ನಡೆಯುತ್ತದೆ ಅಂತ ಒಮ್ಮೆ ಕಣ್ಣಾರೆ ನೋಡಿದರೆ ಈ ವಿಷಯದ ಬಗ್ಗೆ ಇರುವ ಅರ್ಧ ಭಯ ಹೋಗುತ್ತದೆ.

ಕನ್‌ಸ್ಟ್ರಕ್ಟರ್‌ಗೆ ಪ್ರಯಾರಿಟಿ ಸಂಖ್ಯೆ ಕೊಡಬಹುದು. 0ಯಿಂದ 100ರವರೆಗಿನವು ಕಂಪೈಲರ್ ಮತ್ತು ಅದರ ಲೈಬ್ರರಿಗಳಿಗೆ ಮೀಸಲು. ನಮಗೆ 101ರಿಂದ 65535. ಚಿಕ್ಕ ಸಂಖ್ಯೆಯದು ಮೊದಲು, ಸಂಖ್ಯೆ ಇಲ್ಲದ್ದು ಎಲ್ಲಕ್ಕಿಂತ ಕೊನೆಗೆ. ಡಿಸ್ಟ್ರಕ್ಟರ್‌ಗಳಲ್ಲಿ ಇದು ಉಲ್ಟಾ. ಈ ಸಂಖ್ಯೆಗಳು ಒಟ್ಟಿಗೆ ಲಿಂಕ್ ಆದ ಒಂದು ಫೈಲ್‌ನೊಳಗೆ ಮಾತ್ರ ನಡೆಯುತ್ತವೆ. ನಿಮ್ಮ ಶೇರ್ಡ್ ಲೈಬ್ರರಿಯಲ್ಲಿ 101 ಹಾಕಿದ್ದೀರಿ ಅಂದಮಾತ್ರಕ್ಕೆ ಇನ್ನೊಂದು ಲೈಬ್ರರಿಗಿಂತ ಮೊದಲು ರನ್ ಆಗುತ್ತೀರಿ ಅಂತ ಅರ್ಥವಲ್ಲ. ಅಲ್ಲಿ ನಡೆಯುವುದು ಯಾರು ಯಾರನ್ನು ನೆಚ್ಚಿದ್ದಾರೆ ಎನ್ನುವ ಲೆಕ್ಕ. ನಿಮ್ಮ ಕೋಡ್ ಸರಿಯಾಗಿ ನಡೆಯಲು ಪ್ರಯಾರಿಟಿ ಸಂಖ್ಯೆಗಳನ್ನು ಹೊಂದಿಸುತ್ತಾ ಕೂರಬೇಕಾದ ಸ್ಥಿತಿ ಬಂದಿದ್ದರೆ, ಆ ಕೆಲಸ ಕನ್‌ಸ್ಟ್ರಕ್ಟರ್‌ನಲ್ಲಿ ಇರಲೇಬಾರದು ಅಂತ ನಾನು ಹೇಳುತ್ತೇನೆ. ಎ ಮೊದಲು, ಬಿ ಆಮೇಲೆ ಅಂತ ಮೇನ್‌ನಲ್ಲಿ ಎರಡು ಸಾಲು ಬರೆದರೆ ಓದುವವರಿಗೂ ಗೊತ್ತಾಗುತ್ತದೆ.

ಕನ್‌ಸ್ಟ್ರಕ್ಟರ್ ಒಳಗೆ ಕಡಿಮೆ ಕೆಲಸ ಮಾಡಿ. ಅಲ್ಲಿ ತಪ್ಪಾದರೆ ತಿಳಿಸಲು ದಾರಿಯಿಲ್ಲ, ಏಕೆಂದರೆ ಅದರ ರಿಟರ್ನ್ ಬೆಲೆಯನ್ನು ಯಾರೂ ನೋಡುವುದಿಲ್ಲ. ಪ್ರೋಗ್ರಾಮ್ ಇನ್ನೂ ತನ್ನ ಆಯ್ಕೆಗಳನ್ನು ಓದಿಲ್ಲ, ಕಾನ್ಫಿಗ್ ಫೈಲ್ ತೆರೆದಿಲ್ಲ. ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಕನ್‌ಸ್ಟ್ರಕ್ಟರ್‌ಗೂ ಆರ್ಗ್‌ಸಿ, ಆರ್ಗ್‌ವಿ (ಕಮಾಂಡ್ ಸಾಲಿನಲ್ಲಿ ಕೊಟ್ಟ ಆಯ್ಕೆಗಳು) ಸಿಗುತ್ತವೆ ನಿಜ, ಆದರೆ ಅದು ಜಿಲಿಬ್‌ಸಿಯ ಅಭ್ಯಾಸ ಮಾತ್ರ. ಮಸ್ಲ್ ಎಂಬ ಇನ್ನೊಂದು ಸಿ ಲೈಬ್ರರಿಯಲ್ಲಿ ಸಿಗುವುದಿಲ್ಲ. ಕನ್‌ಸ್ಟ್ರಕ್ಟರ್‌ನಲ್ಲಿ ಥ್ರೆಡ್ ಹುಟ್ಟಿಸುವುದು, ನೆಟ್‌ವರ್ಕ್‌ಗೆ ಹೋಗುವುದು ಖಂಡಿತ ಬೇಡ. ನಿಮ್ಮ ಲೈಬ್ರರಿ ಲಿಂಕ್ ಆಗಿದ್ದರೂ ಒಂದು ಸಾಲೂ ಲಾಗ್ ಮಾಡದ ಪ್ರೋಗ್ರಾಮ್ ಇರಬಹುದು. ಅದು ಆ ಖರ್ಚು ಯಾಕೆ ಹೊರಬೇಕು?

ಇನ್ನು ಮುಗಿಯುವ ಕಡೆ. ಸಿ ಭಾಷೆಯ ಸ್ಟ್ಯಾಂಡರ್ಡ್ ಕೊಡುವ ದಾರಿ ಅಟ್‌ಎಕ್ಸಿಟ್, ಅಂದರೆ ಮುಗಿಯುವಾಗ ಕರೆಯಬೇಕಾದ ಫಂಕ್ಷನ್ ನೋಂದಾಯಿಸುವ ಕರೆ. 1989ರ ಸ್ಟ್ಯಾಂಡರ್ಡ್‌ನಿಂದಲೂ ಇದೆ. ಯಾವ ಸಿಸ್ಟಮ್ ಆದರೂ ಕನಿಷ್ಠ 32 ಫಂಕ್ಷನ್‌ಗಳನ್ನು ನೋಂದಾಯಿಸಲು ಬಿಡಬೇಕು. ಕೊನೆಗೆ ಸೇರಿದ್ದು ಮೊದಲು ರನ್ ಆಗುತ್ತದೆ. ಒಂದನ್ನೇ ಎರಡು ಸಲ ಸೇರಿಸಿದರೆ ಎರಡು ಸಲ ರನ್ ಆಗುತ್ತದೆ. ಮೇನ್‌ನಿಂದ ನೋಂದಾಯಿಸಿದವು ಮೊದಲು, ಆಮೇಲೆ ಡಿಸ್ಟ್ರಕ್ಟರ್‌ಗಳು. ಫೈಲ್ ಸ್ಟ್ರೀಮ್‌ಗಳ ಬಫರ್‌ನಲ್ಲಿ ಉಳಿದದ್ದನ್ನು ಬರೆದು ಮುಗಿಸುವುದು ಇದೆಲ್ಲ ಆದಮೇಲೆ. ಹಾಗಾಗಿ ಡಿಸ್ಟ್ರಕ್ಟರ್ ಒಳಗೂ ಪ್ರಿಂಟ್‌ಎಫ್ ನಡೆಯುತ್ತದೆ. ಆದರೆ ಈ ಫಂಕ್ಷನ್‌ಗಳ ಒಳಗಿಂದ ಮತ್ತೆ ಎಕ್ಸಿಟ್ ಕರೆಯಬಾರದು. ಹಾಗೆ ಮಾಡಿದರೆ ಏನಾಗುತ್ತದೆ ಅಂತ ಸ್ಟ್ಯಾಂಡರ್ಡ್ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಅಟ್‌ಎಕ್ಸಿಟ್ ಆಗಲಿ ಡಿಸ್ಟ್ರಕ್ಟರ್ ಆಗಲಿ, ಪ್ರೋಗ್ರಾಮ್ ಮುಗಿಯುವಾಗ ಎರಡೂ ರನ್ ಆಗುವುದು ಎಕ್ಸಿಟ್ ಫಂಕ್ಷನ್ ಮೂಲಕ ಹೋದರೆ ಮಾತ್ರ. ನಿಮ್ಮ ಮೂರನೇ ಪ್ರೋಗ್ರಾಮ್‌ನ ಕಥೆ ಇದೇ. ಸರ್ವಿಸ್ ನಿಲ್ಲಿಸಿದಾಗ ಅದಕ್ಕೆ ಸಿಗ್‌ಟರ್ಮ್ ಸಿಗ್ನಲ್, ಅಂದರೆ ಮುಗಿಸು ಎನ್ನುವ ಸೂಚನೆ ಬರುತ್ತದೆ. ಅದನ್ನು ಹಿಡಿಯುವ ಕೋಡ್ ಇಲ್ಲದಿದ್ದರೆ ಕರ್ನಲ್ ಪ್ರೋಸೆಸ್ ಅನ್ನು ಅಲ್ಲೇ ಮುಗಿಸುತ್ತದೆ. ಎಕ್ಸಿಟ್ ಎನ್ನುವ ಫಂಕ್ಷನ್ ಕಡೆ ಯಾರೂ ಹೋಗುವುದೇ ಇಲ್ಲ. ನೀವು ಎಫ್‌ಪ್ರಿಂಟ್‌ಎಫ್‌ನಲ್ಲಿ ಬರೆದ ಸಾಲುಗಳು ಇನ್ನೂ ಪ್ರೋಸೆಸ್‌ನ ಸ್ವಂತ ಬಫರ್‌ನಲ್ಲಿರುತ್ತವೆ. ಫೈಲ್‌ಗೆ ಬರೆಯುವಾಗ ಆ ಬಫರ್ ಸಾಮಾನ್ಯವಾಗಿ 4096 ಬೈಟ್. ತುಂಬಿದಾಗ ಮಾತ್ರ ಕರ್ನಲ್‌ಗೆ ಹೋಗುತ್ತದೆ. ಪ್ರೋಸೆಸ್ ಸತ್ತರೆ ಬಫರ್ ಕೂಡ ಅದರ ಜೊತೆ ಹೋಗುತ್ತದೆ. ಕೊನೆಯ ಸಾಲುಗಳು ಕಾಣೆಯಾಗಿದ್ದು ಹೀಗೆ. ಕಂಟ್ರೋಲ್-ಸಿ ಒತ್ತಿದಾಗ ಬರುವ ಸಿಗ್‌ಇಂಟ್, ಟರ್ಮಿನಲ್ ಮುಚ್ಚಿದಾಗ ಬರುವ ಸಿಗ್‌ಹಪ್, ತಪ್ಪು ಪಾಯಿಂಟರ್‌ನಿಂದಾಗುವ ಸೆಗ್‌ಫಾಲ್ಟ್ ಎಲ್ಲದರಲ್ಲೂ ಇದೇ ಆಗುತ್ತದೆ. ಅಬಾರ್ಟ್ ಕರೆದರೂ, ನೇರವಾಗಿ ಪ್ರೋಸೆಸ್ ಮುಗಿಸುವ ಅಂಡರ್‌ಸ್ಕೋರ್ ಎಕ್ಸಿಟ್ ಕರೆದರೂ ನಿಮ್ಮ ಫಂಕ್ಷನ್‌ಗಳು ರನ್ ಆಗುವುದಿಲ್ಲ. ಬಲವಂತವಾಗಿ ಸಾಯಿಸುವ ಸಿಗ್‌ಕಿಲ್ ಅನ್ನಂತೂ ಯಾವ ಪ್ರೋಗ್ರಾಮ್ ಕೂಡ ಹಿಡಿಯಲಾರದು.

ಸಿಗ್ನಲ್ ಹ್ಯಾಂಡ್ಲರ್ ಬರೆದು ಅದರೊಳಗಿಂದ ಎಕ್ಸಿಟ್ ಕರೆದರೆ ಆಗಲ್ವಾ ಅಂತ ಅನಿಸಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಸಿಗ್ನಲ್ ಬಂದ ಗಳಿಗೆಯಲ್ಲಿ ಪ್ರೋಗ್ರಾಮ್ ಮೆಮೊರಿ ಪಡೆಯುವ ಮಾಲಾಕ್ ಫಂಕ್ಷನ್ ನಡುವೆ ಇರಬಹುದು, ಪ್ರಿಂಟ್‌ಎಫ್‌ನ ಲಾಕ್ ಹಿಡಿದಿರಬಹುದು. ಎಕ್ಸಿಟ್ ಅದೇ ಲಾಕ್‌ಗಾಗಿ ಕಾಯುತ್ತದೆ. ಲಾಕ್ ಬಿಡಬೇಕಾದ ಕೋಡ್ ಹ್ಯಾಂಡ್ಲರ್ ಮುಗಿಯುವುದನ್ನು ಕಾಯುತ್ತಿರುತ್ತದೆ. ಎರಡೂ ಅಲ್ಲೇ ನಿಲ್ಲುತ್ತವೆ. ವರ್ಷಕ್ಕೊಮ್ಮೆ ಮಾತ್ರ ಕಾಣಿಸಿಕೊಳ್ಳುವ ಇಂಥ ತಪ್ಪು ಹುಡುಕುವುದು ಬಹಳ ಕಷ್ಟ.

ಸರಿಯಾದ ರೀತಿ ಹೀಗಿದೆ. ಸಿಗ್‌ಆಕ್ಷನ್ ಮೂಲಕ ಹ್ಯಾಂಡ್ಲರ್ ಇಡಿ. ಅದರೊಳಗೆ ಸಿಗ್ ಅಟಾಮಿಕ್ ಟಿ ಜಾತಿಯ, ವೊಲಟೈಲ್ ಅಂತ ಗುರುತು ಹಾಕಿದ ಒಂದು ವೇರಿಯಬಲ್‌ಗೆ 1 ಬರೆದು ಸುಮ್ನೆ ಹಿಂದಿರುಗಿ. ಪ್ರೋಗ್ರಾಮ್‌ನ ಮುಖ್ಯ ಲೂಪ್ ಅದನ್ನು ನೋಡಿ, ಕೆಲಸ ನಿಲ್ಲಿಸಿ, ಮೇನ್‌ನಿಂದ ರಿಟರ್ನ್ ಮಾಡಲಿ. ಆಗ ಅಟ್‌ಎಕ್ಸಿಟ್, ಡಿಸ್ಟ್ರಕ್ಟರ್ ಎಲ್ಲ ತಾನಾಗಿ ನಡೆಯುತ್ತವೆ. ಒಂದು ಸೂಕ್ಷ್ಮ ಇದೆ. ವೇರಿಯಬಲ್ ನೋಡಿದ ಮೇಲೆ, ಇನ್‌ಪುಟ್‌ಗಾಗಿ ಕಾಯುವ ಪೋಲ್ ಕರೆಯುವ ಮುಂಚೆ, ಆ ಚಿಕ್ಕ ಸಂದಿಯಲ್ಲಿ ಸಿಗ್ನಲ್ ಬಂದರೆ ಪೋಲ್ ಮಲಗಿಬಿಡುತ್ತದೆ. ಅದಕ್ಕೆ ಪೋಲ್ ಬದಲು ಪಿಪೋಲ್ ಬಳಸಿ, ಇಲ್ಲವೇ ಹ್ಯಾಂಡ್ಲರ್‌ನಿಂದ ಒಂದು ಪೈಪ್‌ಗೆ ಒಂದು ಬೈಟ್ ಬರೆದು ಎಬ್ಬಿಸಿ. ಥ್ರೆಡ್‌ಗಳು ಜಾಸ್ತಿ ಇರುವ ಪ್ರೋಗ್ರಾಮ್‌ನಲ್ಲಿ ಎಲ್ಲ ಥ್ರೆಡ್‌ಗಳಲ್ಲೂ ಆ ಸಿಗ್ನಲ್‌ಗಳನ್ನು ತಡೆದು, ಒಂದೇ ಥ್ರೆಡ್ ಸಿಗ್‌ವೇಟ್‌ನಲ್ಲಿ ಕಾಯುವಂತೆ ಮಾಡುವುದು ನನಗೆ ಹೆಚ್ಚು ಹಿಡಿಸುವ ದಾರಿ.

ಇದನ್ನು ಮಾಡಬೇಕಾದ್ದು ಆ ಮೂರನೇ ಪ್ರೋಗ್ರಾಮ್, ನಿಮ್ಮ ಲೈಬ್ರರಿಯಲ್ಲ. ಸಿಗ್ನಲ್‌ಗೆ ಹೇಗೆ ನಡೆದುಕೊಳ್ಳಬೇಕು ಅಂತ ತೀರ್ಮಾನಿಸುವುದು ಪ್ರೋಗ್ರಾಮ್‌ನ ಹಕ್ಕು. ಲೈಬ್ರರಿ ಗುಟ್ಟಾಗಿ ಹ್ಯಾಂಡ್ಲರ್ ಇಟ್ಟರೆ ಇನ್ನೊಬ್ಬರ ಹ್ಯಾಂಡ್ಲರ್ ಅಳಿದುಹೋಗಬಹುದು. ಸಮಯದ ಮಿತಿ ಇದೆ ಅಂತಲೂ ನೆನಪಿಡಿ. ಸಿಗ್‌ಟರ್ಮ್ ಕಳಿಸಿದ ಮೇಲೆ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡ್, ಕಂಟೇನರ್‌ಗಳನ್ನು ನಡೆಸುವ ಡಾಕರ್ 10 ಸೆಕೆಂಡ್ ಕಾದು, ಆಮೇಲೆ ಸಿಗ್‌ಕಿಲ್ ಕಳಿಸುತ್ತವೆ. ಕಂಟೇನರ್ ಒಳಗೆ ನಿಮ್ಮ ಪ್ರೋಗ್ರಾಮ್‌ನ ಪ್ರೋಸೆಸ್ ಸಂಖ್ಯೆ 1 ಆಗಿದ್ದರೆ, ಹ್ಯಾಂಡ್ಲರ್ ಇಲ್ಲದ ಸಿಗ್‌ಟರ್ಮ್‌ಗೆ ಅದು ಜಗ್ಗುವುದೇ ಇಲ್ಲ. ಕಾಯುವ ಸಮಯ ಪೂರ್ತಿ ಮುಗಿದು ಸಿಗ್‌ಕಿಲ್‌ನಲ್ಲೇ ಸಾಯುತ್ತದೆ.

ಫೋರ್ಕ್, ಅಂದರೆ ಪ್ರೋಸೆಸ್ ತನ್ನದೇ ನಕಲು ಹುಟ್ಟಿಸುವುದರ ಬಗ್ಗೆ ಒಂದು ಅನುಭವ ಹೇಳಲೇಬೇಕು. ಹಿಂದೆ ಒಂದು ಸರ್ವಿಸ್‌ನಲ್ಲಿ ಪಿಐಡಿ ಫೈಲ್ (ಪ್ರೋಸೆಸ್ ಸಂಖ್ಯೆ ಬರೆದಿಡುವ ಫೈಲ್) ಆಗಾಗ ಮಾಯವಾಗುತ್ತಿತ್ತು, ಸರ್ವಿಸ್ ಮಾತ್ರ ಚೆನ್ನಾಗಿ ಓಡುತ್ತಿತ್ತು. ಆ ಫೈಲ್ ಅಳಿಸುವ ಫಂಕ್ಷನ್ ಅಟ್‌ಎಕ್ಸಿಟ್‌ನಲ್ಲಿ ಇತ್ತು. ಸರ್ವಿಸ್ ಫೋರ್ಕ್ ಮಾಡಿ ಮಗು ಪ್ರೋಸೆಸ್‌ನಲ್ಲಿ ಬೇರೊಂದು ಕಮಾಂಡ್‌ಗೆ ಎಕ್ಸೆಕ್ ಮಾಡುತ್ತಿತ್ತು, ಅಂದರೆ ಮಗುವಿನ ಜಾಗದಲ್ಲಿ ಆ ಕಮಾಂಡ್ ಓಡಿಸುತ್ತಿತ್ತು. ಆ ಕಮಾಂಡ್ ಸಿಗದೆ ಎಕ್ಸೆಕ್ ಸೋತಾಗ ಮಗು ಎಕ್ಸಿಟ್ ಕರೆಯುತ್ತಿತ್ತು. ಫೋರ್ಕ್ ಆದಾಗ ಅಟ್‌ಎಕ್ಸಿಟ್ ಪಟ್ಟಿಯೂ ಮಗುವಿಗೆ ಬಂದಿರುತ್ತದೆ. ಹಾಗಾಗಿ ಮಗು ಸಾಯುವಾಗ ತಾಯಿಯ ಫೈಲನ್ನು ಅಳಿಸುತ್ತಿತ್ತು. ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು. ಎಕ್ಸೆಕ್ ಸೋತಾಗ ಎಕ್ಸಿಟ್ ಬದಲು ಅಂಡರ್‌ಸ್ಕೋರ್ ಎಕ್ಸಿಟ್ ಕರೆದರೆ ಆಯಿತು. ಬೆಲೆ 127 ಕೊಡುವುದು ವಾಡಿಕೆ. ಜೊತೆಗೆ ನೋಂದಾಯಿಸುವಾಗಲೇ ಪ್ರೋಸೆಸ್ ಸಂಖ್ಯೆ ಬರೆದಿಟ್ಟುಕೊಂಡು, ಅಳಿಸುವ ಮುಂಚೆ ಅದು ಈಗಿನ ಸಂಖ್ಯೆಯೇ ಹೌದಾ ಅಂತ ನೋಡಿ. ಬಫರ್‌ಗೂ ಇದೇ ಮಾತು. ತಾಯಿಯ ಬಫರ್‌ನಲ್ಲಿದ್ದ ಸಾಲುಗಳನ್ನು ಮಗುವೂ ಬರೆದರೆ ಲಾಗ್‌ನಲ್ಲಿ ಅವು ಎರಡೆರಡು ಸಲ ಕಾಣುತ್ತವೆ.

ಥ್ರೆಡ್‌ಗಳಿದ್ದರೆ ಇನ್ನೊಂದು ಎಚ್ಚರಿಕೆ. ಎಕ್ಸಿಟ್ ಕರೆದಾಗ ಉಳಿದ ಥ್ರೆಡ್‌ಗಳು ನಿಲ್ಲುವುದಿಲ್ಲ. ನಿಮ್ಮ ಡಿಸ್ಟ್ರಕ್ಟರ್ ಫೈಲ್ ಮುಚ್ಚುತ್ತಿರುವಾಗಲೇ ಇನ್ನೊಂದು ಥ್ರೆಡ್ ಅದೇ ಫೈಲ್‌ಗೆ ಲಾಗ್ ಬರೆಯುತ್ತಿರಬಹುದು. ಮುಚ್ಚಿದ ಸ್ಟ್ರೀಮ್‌ಗೆ ಬರೆದರೆ ಪ್ರೋಗ್ರಾಮ್ ಕೊನೆಯ ಗಳಿಗೆಯಲ್ಲಿ ಕ್ರ್ಯಾಶ್ ಆಗಬಹುದು.

ಇಷ್ಟೆಲ್ಲ ನೋಡಿದ ಮೇಲೆ ಮೊದಲ ಪ್ರಶ್ನೆಗೆ ಬರೋಣ. ಮುಗಿಯುವಾಗ ನಿಜಕ್ಕೂ ಏನು ಮಾಡಬೇಕಿದೆ? ಪ್ರೋಸೆಸ್ ಹೇಗೇ ಸತ್ತರೂ ಅದರ ಮೆಮೊರಿ, ತೆರೆದ ಫೈಲ್‌ಗಳು, ಸಾಕೆಟ್‌ಗಳು, ಫೈಲ್ ಮೇಲಿನ ಲಾಕ್‌ಗಳನ್ನು ಕರ್ನಲ್ ತಾನೇ ವಾಪಸ್ ತೆಗೆದುಕೊಳ್ಳುತ್ತದೆ. ತೆಗೆದುಕೊಳ್ಳದಿರುವುದು ತಾತ್ಕಾಲಿಕ ಫೈಲ್‌ಗಳು, ಹೆಸರಿಟ್ಟ ಶೇರ್ಡ್ ಮೆಮೊರಿ, ಸಿಸ್ಟಮ್ ಫೈವ್ ಸೆಮಾಫೋರ್‌ಗಳು, ಬದಲಾಯಿಸಿದ ಟರ್ಮಿನಲ್ ಸೆಟ್ಟಿಂಗ್, ಆನ್ ಮಾಡಿಟ್ಟ ಯಂತ್ರಭಾಗ ಇಂಥವನ್ನು. ಇವುಗಳಲ್ಲೂ ಕೆಲವಕ್ಕೆ ಡಿಸ್ಟ್ರಕ್ಟರ್ ಬೇಡ. ತಾತ್ಕಾಲಿಕ ಫೈಲ್ ತೆರೆದ ತಕ್ಷಣವೇ ಅನ್‌ಲಿಂಕ್ ಮಾಡಿದರೆ ಹೆಸರು ಹೋಗುತ್ತದೆ, ಫೈಲ್ ಮಾತ್ರ ನೀವು ಮುಚ್ಚುವವರೆಗೆ ಇರುತ್ತದೆ. ಪಿಐಡಿ ಫೈಲ್ ಇದೆಯಾ ಅಂತ ನೋಡುವ ಬದಲು ಅದರ ಮೇಲೆ ಎಫ್‌ಲಾಕ್ ಹಿಡಿದರೆ, ಸಿಗ್‌ಕಿಲ್ ಬಂದರೂ ಲಾಕ್ ತಾನಾಗಿ ಬಿಡುತ್ತದೆ. ಉಳಿದವನ್ನು ಮುಂದಿನ ಸಲ ಶುರುವಾಗುವಾಗ ಸ್ವಚ್ಛ ಮಾಡಿ. ಶುರುವಿನ ಕೋಡ್ ರನ್ ಆಗುವುದು ಖಚಿತ. ಮುಗಿಯುವ ಕೋಡ್ ರನ್ ಆಗುವುದು ಅದೃಷ್ಟವಿದ್ದರೆ ಮಾತ್ರ. ಯಾವುದರ ಮೇಲೆ ಭಾರ ಹಾಕಬೇಕು ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ.

ಬೇರೆ ವೇದಿಕೆಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕ್ಲ್ಯಾಂಗ್ ಕೂಡ ಇದೇ ಅಟ್ರಿಬ್ಯೂಟ್ ಅರ್ಥಮಾಡಿಕೊಳ್ಳುತ್ತದೆ. ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಅದಿಲ್ಲ. ಅಲ್ಲಿ ಡಾಟ್ ಸಿಆರ್‌ಟಿ ಡಾಲರ್ ಎಕ್ಸ್‌ಸಿಯು ಎಂಬ ಸೆಕ್ಷನ್‌ನಲ್ಲಿ ಫಂಕ್ಷನ್ ಪಾಯಿಂಟರ್ ಇಡಬೇಕು. ಡಾಲರ್ ಗುರುತಿನ ಮುಂದಿನ ಅಕ್ಷರಗಳನ್ನು ನೋಡಿ ಲಿಂಕರ್ ಅಕಾರಾದಿಯಾಗಿ ಜೋಡಿಸುತ್ತದೆ. ಮೈಕ್ರೋಕಂಟ್ರೋಲರ್‌ಗಳಲ್ಲಿ ರೀಸೆಟ್ ಹ್ಯಾಂಡ್ಲರ್ ಮೊದಲು ಫ್ಲ್ಯಾಶ್‌ನಿಂದ ಡೇಟಾ ಸೆಕ್ಷನ್ ಕಾಪಿ ಮಾಡಿ, ಬಿಎಸ್‌ಎಸ್ ಸೆಕ್ಷನ್ ಸೊನ್ನೆ ಮಾಡಿ, ಇನಿಟ್ ಅರೇ ರನ್ ಮಾಡಿ, ಆಮೇಲೆ ಮೇನ್‌ಗೆ ಹೋಗುತ್ತದೆ. ಅಲ್ಲಿ ಲಿಂಕರ್ ಸ್ಕ್ರಿಪ್ಟ್‌ನಲ್ಲಿ ಇನಿಟ್ ಅರೇಗೆ ಕೀಪ್ ಅಂತ ಹಾಕದಿದ್ದರೆ, ಬೇಡದ ಸೆಕ್ಷನ್ ತೆಗೆಯುವ ಆಯ್ಕೆ ಅದನ್ನೂ ತೆಗೆದುಹಾಕಬಹುದು.

ಮೇನ್ ಬರೆದವರು ಬೇರೆಯವರು, ಆದರೂ ಅದರ ಹಿಂದೆ ಮುಂದೆ ನಿಮ್ಮ ಕೋಡ್ ಬೇಕು ಅಂದರೆ ಲಿಂಕರ್‌ನ ರ‍್ಯಾಪ್ ಆಯ್ಕೆ ಇದೆ. ಮೇನ್ ಅಂತ ಕೊಟ್ಟರೆ ಸಿಆರ್‌ಟಿ1 ನಿಮ್ಮ ಫಂಕ್ಷನ್ ಅನ್ನು ಕರೆಯುತ್ತದೆ, ನೀವು ಒಳಗಿಂದ ಅಸಲಿ ಮೇನ್ ಕರೆಯುತ್ತೀರಿ. ಪರೀಕ್ಷೆಗೆ ಇದು ಚೆನ್ನಾಗಿದೆ.

ನಿಮ್ಮ ಲೈಬ್ರರಿಯನ್ನು ನಾನಾಗಿದ್ದರೆ ಹೀಗೆ ಬದಲಾಯಿಸುತ್ತಿದ್ದೆ. ಕನ್‌ಸ್ಟ್ರಕ್ಟರ್, ಡಿಸ್ಟ್ರಕ್ಟರ್ ಎರಡನ್ನೂ ತೆಗೆಯುತ್ತೇನೆ. ಮೊದಲ ಸಾಲು ಲಾಗ್ ಆಗುವಾಗ ಪಿಥ್ರೆಡ್ ಒನ್ಸ್ ಮೂಲಕ ಫೈಲ್ ಒಂದೇ ಸಲ ತೆರೆಯುವಂತೆ ಮಾಡುತ್ತೇನೆ. ತೆರೆಯುವಾಗ ಅಪೆಂಡ್ ಮತ್ತು ಕ್ಲೋಸ್ ಆನ್ ಎಕ್ಸೆಕ್ ಗುರುತುಗಳನ್ನು ಹಾಕುತ್ತೇನೆ. ಇಡೀ ಸಾಲನ್ನು ಸ್ಟ್ಯಾಕ್ ಮೇಲಿನ ಒಂದು ಬಫರ್‌ನಲ್ಲಿ ತಯಾರು ಮಾಡಿ, ಒಂದೇ ರೈಟ್ ಕರೆಯಲ್ಲಿ ಕಳಿಸುತ್ತೇನೆ. ರೈಟ್ ಮುಗಿಯಿತು ಅಂದರೆ ಆ ಸಾಲು ಕರ್ನಲ್ ಕೈಯಲ್ಲಿದೆ, ಪ್ರೋಸೆಸ್ ಸತ್ತರೂ ಅದು ಉಳಿಯುತ್ತದೆ. ಕರೆಂಟ್ ಹೋದರೂ ಉಳಿಯಬೇಕಾದ ಸಾಲುಗಳಿಗೆ ಮಾತ್ರ ಡಿಸ್ಕ್‌ಗೇ ಬರೆಸುವ ಎಫ್‌ಸಿಂಕ್ ಸೇರಿಸುತ್ತೇನೆ, ಅದು ನಿಧಾನ. ಫೈಲ್ ಮುಚ್ಚುವ ಕೆಲಸ ಕರ್ನಲ್‌ಗೆ ಬಿಡುತ್ತೇನೆ. ಸಾಲಿಗೊಂದು ಸಿಸ್ಟಮ್ ಕಾಲ್ ಆಗುತ್ತದೆ ನಿಜ. ಆದರೆ ಪ್ರೋಗ್ರಾಮ್ ಯಾಕೆ ಸತ್ತಿತು ಅಂತ ಹೇಳುವುದೇ ಲಾಗ್‌ನ ಕೆಲಸ, ಆ ಬೆಲೆ ನನಗೆ ಸರಿ ಅನಿಸುತ್ತದೆ.

ಬದಲಾಯಿಸಿದ ಮೇಲೆ ಮೂರನೇ ಪ್ರೋಗ್ರಾಮ್ ಅನ್ನು ಶುರು ಮಾಡಿ, ಅದು ಲಾಗ್ ಬರೆಯುತ್ತಿರುವಾಗಲೇ ಕಿಲ್ ಕಮಾಂಡ್‌ಗೆ 9 ಕೊಟ್ಟು ಸಾಯಿಸಿ. ಸಾಲಿಗೊಂದು ಸಂಖ್ಯೆ ಹಾಕಿಸಿ, ಅದನ್ನೇ ತೆರೆಯ ಮೇಲೂ ತೋರಿಸಿ. ತೆರೆಯ ಮೇಲೆ ಕಂಡ ಕೊನೆಯ ಸಂಖ್ಯೆ ಲಾಗ್ ಫೈಲ್‌ನಲ್ಲೂ ಇರಬೇಕು. ಇಲ್ಲದಿದ್ದರೆ ಎಲ್ಲೋ ಒಂದು ಬಫರ್ ಇನ್ನೂ ಉಳಿದಿದೆ, ಅದನ್ನು ಹುಡುಕಿ.